ಹನ್ನೊಂದು ಗಾಳಿಗಿರಣಿ

ಕಣ್ಣು ಕಾಣದ ಗಂಡನನ್ನು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಅತ್ತಿದ್ದೂ ಇದೆ. ಅದು ಹೆಚ್ಚಾಗಿ ಮನೆಯೊಳಗೆ.

ನಾನು ಹುಬ್ಬಳ್ಳಿಯವಳು, ಅವರು ಧಾರವಾಡದವರು. ಲಂಡನ್ನಿನ ರೇನರ್ಸ್ ಲೇನ್‌ಗೆ ಬಂದು ಇಪ್ಪತ್ತು ವರ್ಷ ದಾಟಿತು. ಅವರದು ಕಂಪ್ಯೂಟರ್ ಕೆಲಸ, ನನ್ನದು ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ನು. ಭಾನುವಾರ ಬಂತೆಂದರೆ ಅವರು ಗ್ರಾವೆಲ್ ಬೈಕ್ ಹತ್ತುತ್ತಿದ್ದರು. ಜಲ್ಲಿ, ಮಣ್ಣು, ಕೆಸರು ಯಾವುದಕ್ಕೂ ಜಗ್ಗದ ದಪ್ಪ ಗಾಲಿಯ ಸೈಕಲ್ ಅದು. ವಸಂತದಲ್ಲಿ ಗೆಳೆಯರ ಜೊತೆ ಹಡಗು ಹತ್ತಿ ಹಾಲೆಂಡಿಗೆ ಹೋಗಿ, ಮೈತುಂಬ ಮರಳು ತುಂಬಿಕೊಂಡು ಬರುತ್ತಿದ್ದರು.

ಆಮೇಲೆ ರೆಟಿನಾದ ಕಾಯಿಲೆ ಬಂತು. ಎರಡೇ ವರ್ಷ. ಮೊದಲು ಅಕ್ಷರ ಹೋಯಿತು, ಕೊನೆಗೆ ಮಗಳ ಮುಖ. ಬಲಗಣ್ಣಿನ ಅಂಚಿನಲ್ಲಿ ಚೂರು ಬೆಳಕು ಉಳಿಯಿತು, ಅಷ್ಟೆ. ಕೆಲಸ ಬಿಟ್ಟರು, ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟರು, ಏಳು ತಿಂಗಳು ಮನೆಯ ಹೊಸ್ತಿಲು ದಾಟಲಿಲ್ಲ. ನಾನು ಕೆಲಸದಿಂದ ಬರುವಷ್ಟರಲ್ಲಿ ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಕೂತಿರುತ್ತಿದ್ದರು, ಪಕ್ಕದಲ್ಲಿ ಆರಿದ ಚಹಾ.

ಒಂದು ದಿನ ನಾನೇ ಹೇಳಿದೆ, "ಹಾಲೆಂಡಿಗೆ ಹೋಗೋಣು. ಇಬ್ಬರು ತುಳಿಯೋ ಟ್ಯಾಂಡೆಮ್ ಸಿಗತದಂತ. ನಾ ಮುಂದ ಕೂಡತೀನಿ."

ಮಗಳು ಇಂಗ್ಲಿಷಿನಲ್ಲಿ ಹೌಹಾರಿದಳು. "ಅಮ್ಮಾ, ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾಗಿದ್ದೀಯ!"

ಇವರು ಕುರ್ಚಿಯಿಂದಲೇ, "ಸೈಕಲ್ಲಿಗೆ ಟೆಸ್ಟ್ ಇಲ್ಲವ್ವಾ," ಅಂದರು. ಮೂರು ದಿನದಲ್ಲಿ ಅವರಾಡಿದ ಮೊದಲ ಮಾತು ಅದು. ಆಮೇಲೆ, "ಒಂದ ಸಲ ಬರ್ತೀನಿ. ಬ್ಯಾಸರ ಆತಂದ್ರ ಇನ್ನ ಮ್ಯಾಲೆ ನನ್ನ ಎಬ್ಬಸಾಕ ಬರಬಾರದು," ಅಂದರು. ಒಪ್ಪಿಕೊಂಡೆ. ಆ ಮಾತಿನ ತೂಕ ಇಬ್ಬರಿಗೂ ಗೊತ್ತಿತ್ತು.

ಅದೃಷ್ಟವಂತೆ

ಕಣ್ಣು ಕಾಣದವರನ್ನು ಸೈಕಲ್ ಹತ್ತಿಸುವ ಒಂದು ಕ್ಲಬ್ಬಿನವರು ಕಲಿಯಲು ಟ್ಯಾಂಡೆಮ್ ಕೊಟ್ಟರು. ಪಿನ್ನರ್ ಕಡೆಯ ಪಾರ್ಕಿನಲ್ಲಿ ಅಭ್ಯಾಸ. ನಾನು ಎಲೆ ಬಿದ್ದರೂ ಬ್ರೇಕ್ ಹಿಡಿಯುತ್ತಿದ್ದೆ. ಹಿಡಿದಾಗಲೆಲ್ಲ ಅವರ ಮೂಗು ನನ್ನ ಬೆನ್ನಿಗೆ ಬಡಿಯುತ್ತಿತ್ತು. "ಈಗ ಏನ ಅಡ್ಡ ಬಂತು?" "ಅಳಿಲು." "ಎಷ್ಟ ದೂರ?" "ಮರದ ಮ್ಯಾಲ ಅದ."

ಹೀಗೇ ಒಂದು ದಿನ ನಮ್ಮ ಯುಗಾದಿ ಕೂಟಗಳಲ್ಲಿ ಸಿಗುವ ಬೆಂಗಳೂರಿನ ಹೆಂಗಸೊಬ್ಬರು ಎದುರಾದರು. ಇವರ ಕಣ್ಣಿನ ವಿಷಯ ಅವರಿಗೆ ತಿಳಿದಿರಲಿಲ್ಲ. ನೋಡಿದರೆ ಗೊತ್ತೂ ಆಗುವುದಿಲ್ಲ. ಕಣ್ಣು ಮೊದಲಿನ ಹಾಗೇ ಇವೆ, ಸುಂದರವಾಗಿ.

"ಎಷ್ಟು ಅದೃಷ್ಟವಂತೆ ರೀ ನೀವು! ನಮ್ಮೋರು ಸ್ಟಿಯರಿಂಗ್ ಮುಟ್ಟೋಕೂ ಬಿಡಲ್ಲ. ನಿಮ್ಮೋರು ನೋಡಿ, ಹಿಂದೆ ಕೂತು ನಿಮಗೇ ಬಿಟ್ಟುಕೊಟ್ಟಿದ್ದಾರೆ!"

ನಾನು ಸೈಕಲ್ ನಿಲ್ಲಿಸಿ ಇಳಿಯುವಷ್ಟರಲ್ಲಿ ಹಿಂದಿನಿಂದ ನಯವಾದ ದನಿ ಬಂತು.

"ಸುಮ್ನ ಬಿಟ್ಟಕೊಟ್ಟಿಲ್ಲರೀ. ಎರಡು ವರ್ಷ ಹಿಡೀತು."

ಒಂದು ಆಕಳು

ಸಮುದ್ರವನ್ನು ಹಿಂದಕ್ಕೆ ತಳ್ಳಿ ಕಸಿದುಕೊಂಡ ತಗ್ಗು ನೆಲಕ್ಕೆ ಹಾಲೆಂಡಿನವರು ಪೋಲ್ಡರ್ ಅನ್ನುತ್ತಾರೆ. ರೊಟ್ಟಿಯ ಹಂಚಿನಷ್ಟು ಸಪಾಟು. ನೆಟ್ಟಗೊಂದು ಜಲ್ಲಿ ಹಾದಿ, ಪಕ್ಕದಲ್ಲಿ ನೆಟ್ಟಗೊಂದು ಕಾಲುವೆ, ಎದುರಿನಿಂದ ಗಾಳಿ. ಏರು ಇಲ್ಲದ ಊರು, ನನಗೆ ಸುಲಭ ಅಂತ ಅದನ್ನೇ ಆರಿಸಿದ್ದೆವು. ಆ ಗಾಳಿಯೇ ಏರು ಅಂತ ಯಾರೂ ಹೇಳಿರಲಿಲ್ಲ.

ಹತ್ತು ನಿಮಿಷಕ್ಕೆ ಹಿಂದಿನಿಂದ ಪ್ರಶ್ನೆ. "ಏನ ಕಾಣಸ್ತದ?"

"ಹುಲ್ಲು. ನೀರು. ಒಂದು ಆಕಳು."

ಇನ್ನೂ ಹತ್ತು ನಿಮಿಷ. "ಈಗ?"

"ಹುಲ್ಲು. ನೀರು."

"ಆಕಳು?"

"ಹಿಂದ ಉಳೀತು."

ಅವರು ಸುಮ್ಮನಾದರು. ಆ ಮೌನ ನನಗೆ ಗೊತ್ತು, ಅದು ಕುರ್ಚಿಯ ಮೌನ. ನನಗೆ ದಿಗಿಲಾಯಿತು. ಇಷ್ಟು ದೂರ ಕರೆತಂದು ಒಂದು ಆಕಳು ತೋರಿಸಿದರೆ ಈ ಮನುಷ್ಯ ಮತ್ತೆ ಮನೆ ಬಿಟ್ಟು ಹೊರಟಾನೆಯೇ? ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. "ಅಯ್ಯ, ಗಾಳಿಗಿರಣಿ! ಕೆಂಪು ಬಣ್ಣದ್ದು!"

"ಹೌದಾ?" ಎಂದು ನೆಟ್ಟಗೆ ಕೂತರು.

ಅಲ್ಲಿಂದ ನನಗೆ ಲಗಾಮು ಉಳಿಯಲಿಲ್ಲ. ಬಲಕ್ಕೆ ಹಸಿರು ಗಿರಣಿ, ಎಡಕ್ಕೆ ಹುಲ್ಲಿನ ಟೊಪ್ಪಿಗೆಯದು, ಜೋಡಿ ಗಿರಣಿ, ಗಿರಣಿಯ ಬಾಗಿಲಲ್ಲಿ ಬಟ್ಟೆ ಒಣಗಹಾಕುತ್ತಿರುವ ಅಜ್ಜಿ. ಅವರು ಅಜ್ಜಿಯ ಸ್ಕರ್ಟಿನ ಬಣ್ಣವನ್ನೂ ಕೇಳಿದರು. ನೀಲಿ ಅಂದೆ.

ನೀರು ಕುಡಿಯಲು ನಿಂತಾಗ ಕೇಳಿದರು, "ಒಟ್ಟು ಎಷ್ಟಾದುವು?"

"ಹನ್ನೊಂದು."

"ಈ ಹಾದ್ಯಾಗ ನಾ ಮೂರು ಸಲ ಬಂದೀನಿ. ಇಲ್ಲೆ ಒಂದೂ ಗಿರಣಿ ಇಲ್ಲ."

ನನಗೆ ನೆಲ ಬಿರಿದಂತಾಯಿತು. ಅವರು ಬಾಟಲಿಯ ಮುಚ್ಚಳ ತಡಕಿ ಹಾಕಿದರು. ಸಿಟ್ಟು ಮಾಡಲಿಲ್ಲ. ತೀರ ಮೆಲ್ಲಗೆ ಹೇಳಿದರು, "ಡಾಕ್ಟರು ಸುಳ್ಳು ಹೇಳಲಿಲ್ಲ. ನೀನೂ ಹೇಳಬ್ಯಾಡ. ಇದ್ದದ್ದು ಹೇಳಿದ್ರ ನನಗ ಒಂದಿಷ್ಟಾದ್ರೂ ಕಾಣಸ್ತದ. ಸುಳ್ಳು ಹೇಳಿದ್ರ ಅದೂ ಹೋಗತದ."

ಕಾಲುವೆಯ ಕಡೆ ತಿರುಗಿ ಅತ್ತೆ. ಗಾಳಿಯ ಸದ್ದಿನಲ್ಲಿ ಕೇಳಿಸದು ಅಂದುಕೊಂಡಿದ್ದೆ. ಕೇಳಿಸಿತು. ತಡಕಿ ಭುಜ ಹಿಡಿದರು.

"ಗೊತ್ತಿದ್ದೂ ಯಾಕ ಸುಮ್ನಿದ್ರಿ?" ಅಂತ ಕೇಳಿದೆ.

"ಮೊದಲನೇದಕ್ಕ ಹೇಳಾಂವಿದ್ದೆ. ಆದ್ರ ನೀ ಭಾಳ ಛಂದ ಕಟ್ಟಾಕತ್ತಿದ್ದಿ. ಮಷೀನ್ ಇಲ್ದನ ಹನ್ನೊಂದು ಗಿರಣಿ, ಅರ್ಧಾ ತಾಸಿನ್ಯಾಗ. ಇಡೀ ಹಾಲೆಂಡ್ ಕಟ್ಟಿದವರಿಗೂ ಈ ಸ್ಪೀಡ್ ಇರಲಿಲ್ಲ."

ಅವರಿಗೇನು ಬೇಕಂತೆ?

ಮಧ್ಯಾಹ್ನ ಒಂದು ಕೆಫೆಯಲ್ಲಿ ಮೆನು ಓದಿ ಹೇಳುತ್ತಿದ್ದೆ. ಬಡಿಸುವ ಹುಡುಗಿ ಅವರ ಬಿಳಿ ಕೋಲು ನೋಡಿದಳು. ನೋಡಿದ್ದೇ ತಡ, ನನ್ನನ್ನೇ ಕೇಳತೊಡಗಿದಳು. "ಅವರಿಗೇನು ಬೇಕಂತೆ? ಸೂಪ್ ಕುಡಿಯುತ್ತಾರಾ? ಬಿಸಿಯಿದ್ದರೆ ನಡೆಯುತ್ತಾ?" ಲಂಡನ್ನಿನಲ್ಲೂ ಇದೇ ಕಥೆ. ನನ್ನ ಕೌಂಟರಿನಲ್ಲಿ ನಾನೇ ಎಷ್ಟು ಜನರಿಗೆ ಹೀಗೆ ಮಾಡಿದ್ದೆನೋ ಅಂತ ನೆನೆದು ಮೆನು ಕೆಳಗಿಟ್ಟೆ.

ಇವರು ನನ್ನ ಕಡೆ ವಾಲಿ, ಅವಳಿಗೆ ಕೇಳುವಂತೆ ಇಂಗ್ಲಿಷಿನಲ್ಲೇ ಅಂದರು, "ಆಕೆಗೆ ಹೇಳು, ಹೋಗಿದ್ದು ಕಣ್ಣು, ಹೊಟ್ಟೆ ಅಲ್ಲ. ಎರಡು ಸೂಪು."

ಬಿಳಿ ಮರಳು

ಕೊನೆಯ ದಿನ ಕಡಲ ಬದಿಯ ಮರಳುದಿಬ್ಬಗಳ ಹಾದಿ. ಬೆಳಿಗ್ಗೆ ಗಾಳಿಗೆ ನಾನು ಗಡಗಡ ನಡುಗುತ್ತಿದ್ದೆ. ಇವರು ತಮ್ಮ ಹಳದಿ ಜಾಕೆಟ್ ಬಿಚ್ಚಿ ನನಗೇ ತೊಡಿಸಿದರು. ಕ್ಲಬ್ಬಿನವರು ಕೊಟ್ಟಿದ್ದು ಅದು. ಬೆನ್ನ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ "ಕಣ್ಣು ಕಾಣದ ಸವಾರ" ಎಂದು ಬರೆದಿತ್ತು. ಬೆನ್ನಿನ ಬರಹ ತೊಟ್ಟವಳಿಗೆ ನೆನಪಿರುತ್ತದೆಯೇ?

ಬಿಸಿಲು ಬಂತು. ದಿಬ್ಬಗಳೆಲ್ಲ ಒಮ್ಮೆಗೇ ಬೆಳಗಿದವು. ಹಿಂದಿನಿಂದ ಅವರು, "ಬೆಳ್ಳಗದ," ಅಂದರು. "ಬಲಕ್ಕ. ಭಾಳ ಬೆಳ್ಳಗದ. ಅಲ್ಲೇನು?"

"ಹೌದರೀ," ಅಂದೆ. ಸುಳ್ಳು ಹೇಳಬೇಕಾಗಿರಲಿಲ್ಲ. ಅವರಲ್ಲಿ ಉಳಿದಿದ್ದ ಕೊನೆಯ ಬೆಳಕು ಅದು. ಚಳಿಗಾಲ ಬರುವುದರೊಳಗೆ ಅದೂ ಹೋಯಿತು. ಅವತ್ತು ಅದು ನಮಗೆ ಗೊತ್ತಿರಲಿಲ್ಲ. ಆದರೂ ಅವರ ಮುಖ ಹೇಗಿದೆ ಅಂತ ನೋಡದೆ ಇರಲಾಗಲಿಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದೆ.

ಮುಂದಿನ ಗಾಲಿ ಮರಳಿಗೆ ಇಳಿಯಿತು. ನಾನು ಮುಳ್ಳುಪೊದೆಗೆ, ಅವರು ಮೆತ್ತನೆಯ ಮರಳಿಗೆ.

ಎದುರಿನಿಂದ ಬರುತ್ತಿದ್ದ ಡಚ್ ಮುದುಕ ಮುದುಕಿ ಸೈಕಲ್ ಬಿಸಾಕಿ ಓಡಿಬಂದರು. ಅಷ್ಟರಲ್ಲಿ ಇವರು ಎದ್ದು, ಮೈ ಕೊಡವಿ, ಗಂಭೀರವಾಗಿ ನಿಂತಿದ್ದರು. ನಾನು ಬೆನ್ನು ಮೇಲಾಗಿ ಬಿದ್ದಿದ್ದೆ. ಮುದುಕಿ ಬೆನ್ನು ಓದಿದಳು, "ಓ!" ಎಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಕಿವಿಯ ಹತ್ತಿರ ಬಂದು ಒಂದೊಂದೇ ಪದ ಬಿಡಿಸಿ ಕೂಗಿದಳು, "ಇಲ್ಲಿ... ಮರಳು... ಇದೆ... ಕೂತುಕೊಳ್ಳಿ." ನನ್ನ ಅಂಗೈಯಲ್ಲೊಂದು ಬಿಸ್ಕತ್ತು ಇಟ್ಟು ಬೆರಳು ಮಡಚಿದಳು.

ಮುದುಕ ಇವರ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದ, "ಪಾಪ, ಆಕೆಗೆ ಸ್ವಲ್ಪವೂ ಕಾಣುವುದಿಲ್ಲವೇ?"

ನಾನು ಬಾಯಿ ತೆರೆದೆ. ಇವರಿಗೆ ಅರ್ಥವಾಗಲು ಒಂದೇ ಕ್ಷಣ ಸಾಕಾಯಿತು. ನಿಟ್ಟುಸಿರು ಬಿಟ್ಟು, "ಸ್ವಲ್ಪವೂ ಇಲ್ಲ," ಅಂದರು.

"ಮತ್ತೆ... ಮುಂದಿನ ಸೀಟಿನಲ್ಲಿ ಆಕೆ ಇದ್ದಂತಿತ್ತು?"

"ಹೌದು ಸರ್. ಎಷ್ಟು ಹೇಳಿದರೂ ಹಿಂದೆ ಕೂರಲ್ಲ."

ಕಾಯಿಲೆ ಬಂದಾಗಿನಿಂದ ನಾನು ಕಾಣದ ತುಂಟತನ ಆ ಮುಖದ ಮೇಲಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಬಿಸ್ಕತ್ತು ತಿಂದೆ. ಮುಚ್ಚಿದ ಕಣ್ಣಿಂದಲೂ ನೀರು ಬರುತ್ತಿತ್ತು. ಮುದುಕಿ ಅದನ್ನು ತನ್ನ ಕರವಸ್ತ್ರದಲ್ಲಿ ಒರೆಸಿದಳು.

ಮುದುಕ ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮಂಥ ಧೈರ್ಯವಂತ ಗಂಡನನ್ನು ನಾನು ನೋಡಿಲ್ಲ," ಅಂದ.

ನನ್ನ ಗಂಡ ತಲೆತಗ್ಗಿಸಿ ಹೇಳಿದರು, "ಇನ್ನೂ ಹದಿನೆಂಟು ಕಿಲೋಮೀಟರ್ ಇದೆ ಸರ್. ನಮಗಾಗಿ ಪ್ರಾರ್ಥನೆ ಮಾಡಿ."