ನರಿ ದೂರು ಬರೆದುಕೊಂಡ ಸಂಜೆ

ತಲೆ ಖಾಲಿಯಾಗುವಾಗ ಸದ್ದು ಮಾಡುವುದಿಲ್ಲ. ಹಾಗಾಗಿ ನನ್ನದು ಖಾಲಿಯಾದ ಸುದ್ದಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೇ. ಮೊದಲು ಗೊತ್ತಾದದ್ದು ನನ್ನ ಆರು ವರ್ಷದ ಮಗಳು ಪಲ್ಲವಿಗೆ.

ರಾಯಚೂರಿನಲ್ಲಿದ್ದಾಗ ದಿನಾ ಸಂಜೆ ಅವಳಿಗೆ ಕಥೆ ಕಟ್ಟಿ ಹೇಳುತ್ತಿದ್ದೆ. ರೈಸ್ ಮಿಲ್ಲಿನ ಚಿಮಣಿಯಿಂದ ಎಮ್ಮೆ ಹಾರಿಹೋಗುತ್ತಿತ್ತು, ಸಿಟಿ ಬಸ್ಸು ಕೃಷ್ಣೆಯಲ್ಲಿ ಈಜು ಕಲಿಯುತ್ತಿತ್ತು. ಆಮೇಲೆ ದೇವದುರ್ಗದ ಕರೆಂಟ್ ಆಫೀಸಿಗೆ ವರ್ಗವಾಯಿತು. ಹೆಂಡತಿಗೆ ರಾಯಚೂರಿನ ಶಾಲೆಯಲ್ಲಿ ಕೆಲಸ. ಮನೆ ಅಲ್ಲೇ ಉಳಿಯಿತು, ನಾನೊಬ್ಬನೇ ಬಸ್ ನಿಲ್ದಾಣದ ಹಿಂದಿನ ಖೋಲಿಗೆ ಬಂದೆ. ನನ್ನ ಕೆಲಸ ದೂರಿನ ಫೋನ್ ಎತ್ತುವುದು. "ಕರೆಂಟ್ ಯಾವಾಗ ಬರ್ತದ್ರಿ?" ಎಂದು ಇಡೀ ತಾಲ್ಲೂಕು ಕೇಳುತ್ತದೆ. "ಕೆಲಸ ನಡದದ, ಸ್ವಲ್ಪ ಸಹಕರಿಸ್ರಿ," ಎನ್ನುತ್ತೇನೆ; ರಜೆಗೆ ಮನೆಗೆ ಹೋದಾಗ ಫೋನ್ ಬಂದರೂ ಅದೇ ಮಾತು. "ಇನ್ನೂ ಎಷ್ಟು ಕಂಪ್ಲೇಂಟ್ ಉಳದಾವ?" ಎಂದು ಸಾಹೇಬರು ಬೆನ್ನ ಹಿಂದೆ ನಿಂತು ಕೇಳುತ್ತಾರೆ. ಅಷ್ಟು ಜನರೊಡನೆ ಮಾತಾಡಿ ಖೋಲಿಗೆ ಬಂದರೆ ಜೊತೆಗಿರುವುದು ಗೋಡೆಯ ಹಲ್ಲಿ ಮಾತ್ರ. ಅದಕ್ಕೂ ನನ್ನ ಮೇಲೆ ಬೇಸರ ಬಂದಿರಬೇಕು, ಈಚೆಗೆ ಟ್ಯೂಬ್‌ಲೈಟಿನ ಹಿಂದಿನಿಂದ ಹೊರಗೇ ಬರುವುದಿಲ್ಲ.

ಕಥೆ ಮಾತ್ರ ಫೋನಿನಲ್ಲಿ ಮುಂದುವರಿದಿತ್ತು. ಒಂದು ಸಂಜೆ, ಬಾಲ ಕಳೆದುಕೊಂಡ ಮೊಲವನ್ನು ನರಿಯ ಬಳಿಗೆ ಕಳಿಸಿದೆ. ಮುಂದೇನೂ ಹೊಳೆಯಲಿಲ್ಲ. "ನರಿ ಅಂತದ, ನಿಮ್ಮ ದೂರು ಬರಕೊಂಡೀನಿ, ಲೈನ್‌ಮ್ಯಾನ್ ಬರ್ತಾನ," ಎಂದೆ.

ಪಲ್ಲವಿ ತಕ್ಷಣ ಕೇಳಿದಳು. "ಯಪ್ಪಾ, ಬಾಲ ಹಚ್ಚಾಕ ಲೈನ್‌ಮ್ಯಾನ್ ಯಾಕ?"

ಅಷ್ಟರಲ್ಲಿ ಹೆಂಡತಿ ಫೋನ್ ತೆಗೆದುಕೊಂಡಳು. "ದಣದೀರಿ ಅನಸ್ತದ. ಊಟ ಆತೇನ್ರಿ?"

ಆತು ಎಂದೆ. ಆಗಿರಲಿಲ್ಲ. ಆಮೇಲೂ ಆಗಲಿಲ್ಲ.

ಮರುದಿನದಿಂದ ಪಲ್ಲವಿ ಕಥೆ ಕೇಳುವುದನ್ನೇ ಬಿಟ್ಟಳು. "ನೀ ಮಲಕ್ಕೋ ಯಪ್ಪಾ," ಎಂದು ನನಗೇ ಹೇಳಿ ಫೋನ್ ಇಡುತ್ತಿದ್ದಳು.

ಶನಿವಾರ ಊರಿಗೆ ಹೊರಟಾಗ, ದಾರಿಯಲ್ಲಿ ಒಂದಾದರೂ ಒಳ್ಳೆಯ ಕಥೆ ಕಟ್ಟಲೇಬೇಕೆಂದು ಬಸ್ಸಿನಲ್ಲಿ ಕಿಟಕಿ ಹಿಡಿದು ಕೂತೆ. ಹತ್ತಿಯ ಹೊಲ ನೋಡಿದೆ, ಮೋಡ ನೋಡಿದೆ. ಮೋಡ ಕಂಡೊಡನೆ, ಗಾಳಿ ಬಿಟ್ಟರೆ ಯಾವ ಯಾವ ಊರಿನ ಲೈನು ಹರಿದೀತು ಎಂಬ ಯೋಚನೆಯೇ ಬಂತು. ರಾಯಚೂರು ಬಂತು, ಕಥೆ ಬರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಮಗಳ ದನಿ ಕೇಳಿಸಿತು. ಮಾನ್ವಿಯಿಂದ ಬಂದಿದ್ದ ನನ್ನ ತಾಯಿಗೆ ಕಥೆ ಹೇಳುತ್ತಿದ್ದಳು. ದೇವದುರ್ಗದಲ್ಲಿ ಒಬ್ಬ ಅಪ್ಪ ಇದ್ದಾನಂತೆ. ಗುಡ್ಡ ಹತ್ತಿ ಮಿಂಚು ಹಿಡಿದು, ಚೀಲದಲ್ಲಿ ತುಂಬಿ ಮನೆಮನೆಗೂ ಹಂಚುತ್ತಾನಂತೆ. ನಾನು ಒಳಗೆ ಹೋಗದೆ ಅಲ್ಲೇ ನಿಂತೆ. ಈಚೆಗೆ ಯಾರೂ ನನ್ನನ್ನು ಹಾಗೆ ಕಂಡಿರಲಿಲ್ಲ, ನಾನಂತೂ ಕಂಡಿರಲಿಲ್ಲ.

"ಅಂವ ಮನಿಗೆ ಯಾವಾಗ ಬರ್ತಾನವ್ವಾ?" ಎಂದು ತಾಯಿ ಕೇಳಿದರು.

"ಹೇಳಾಕ ಬರಂಗಿಲ್ರಿ," ಎಂದಳು ಮಗಳು. "ಕೆಲಸ ನಡದದ. ಸ್ವಲ್ಪ ಸಹಕರಿಸ್ರಿ."

ಆ ಕಥೆಯಲ್ಲಿ ಗುಡ್ಡ, ಮಿಂಚು, ಚೀಲ ಎಲ್ಲ ಅವಳವೇ. ಆ ಮಾತೊಂದು ನನ್ನದು.