ಜೋಂಬಿಗಳ ಊರಲ್ಲಿ ದಕ್ಷಿಣ ಯಾವ ಕಡೆ?

ಹಾಲಿನ ಡೇರಿ ಸೆಕ್ರೆಟರಿಯಾಗಿ ದಿನಕ್ಕೆರಡು ಹೊತ್ತು ಇಡೀ ಊರನ್ನೇ ಸಾಲಲ್ಲಿ ನಿಲ್ಲಿಸುವ ನನಗೆ ನಾಲ್ಕು ಹೆಣಗಳನ್ನು ನಿಭಾಯಿಸುವುದು ಯಾವ ಮಹಾ ಕೆಲಸ! ಹೀಗಂದುಕೊಂಡೇ ನಾನು ಮೊಬೈಲಿಗೆ ಆ ಜೋಂಬಿ ಆಟ ಹಾಕಿಸಿಕೊಂಡದ್ದು. ಜೋಂಬಿ ಅಂದರೆ ಸತ್ತ ಮೇಲೂ ಸುಮ್ಮನಿರದೆ ಎದ್ದು ಬಂದು ಕಚ್ಚುವ ಹೆಣ. ಬೇರೆ ಬೇರೆ ಊರಿನವರು ತಮ್ಮ ತಮ್ಮ ಮನೆಯಲ್ಲೇ ಕೂತು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಒಂದೇ ಗುಂಪಾಗಿ ಮಾತಾಡಿಕೊಳ್ಳುತ್ತಾ, ಕಚ್ಚಿಸಿಕೊಳ್ಳದೆ ಗೇಟು ಮುಟ್ಟಬೇಕು. ಆಟ ಅಷ್ಟೇ.

ಹಾಕಿಸಿದವನು ಕಿಕ್ಕೇರಿಯ ಮಂಜ. ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು. ಈಗ ಅವನ ಎರಡೂ ಕಿಡ್ನಿ ಕೈಕೊಟ್ಟಿವೆ. ಒಂದು ದಿನ ಬಿಟ್ಟು ಒಂದು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅರ್ಧ ದಿನ ಒಂದು ಕೈಯನ್ನು ಮಿಷನ್ನಿಗೆ ಒಪ್ಪಿಸಿ ಅಲ್ಲಾಡದೆ ಮಲಗಬೇಕು. ನೋಡಲು ಬಂದವರೆಲ್ಲ ಲೊಚಗುಟ್ಟುತ್ತಾರೆ ಅಂತ ಅವನು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ, ನನ್ನನ್ನೂ ಕೂಡ.

"ಜೋಂಬಿಗಳೇ ವಾಸಿ ಕಣ್ಲಾ ರಾಜ. ಬತ್ತವೆ, ಕಚ್ತವೆ, ಓಯ್ತವೆ. ಅಯ್ಯೋ ಪಾಪ ಅನ್ನಾಕಿಲ್ಲ," ಅಂದ ಫೋನಿನಲ್ಲಿ. "ಒಂದ್ ಕೈಲಿ ನಾನು ಬರೀ ನಡೀಬೋದು. ಬಂದೂಕ ನೀನ್ ಇಡ್ಕೊ. ನೀನಿದ್ರೆ ಅಷ್ಟೊತ್ತು ನಂಗೆ ಆಸ್ಪತ್ರೆ ನೆಪ್ಪೇ ಆಗಾಕಿಲ್ಲ."

ಸ್ನೇಹಿತ ಇಷ್ಟು ಕೇಳಿದ ಮೇಲೆ ಇಲ್ಲ ಅನ್ನೋದು ಹೇಗೆ? ನನ್ನ ಹೆಂಡತಿ ಜಯ ಮಾತ್ರ ನಕ್ಕಳು. "ಮನೇಲಿ ಒಂದ್ ಇಲಿ ಒಡೆಯಕ್ಕಾಗಿಲ್ಲ ನಿಮ್ಗೆ. ಎಣ ಒಡೀತಾರಂತೆ!"

ನಮ್ಮ ಗುಂಪಿನ ಮೂರನೆಯವರು ನಾಗಮಂಗಲದ ಟೈಲರ್ ಸುಮಿತ್ರಮ್ಮ. ಅವರ ಮುಖ ನಾವಿಬ್ಬರೂ ಕಂಡವರಲ್ಲ. ಬ್ಲೌಸ್ ಹೊಲಿಯುವ ಮಧ್ಯೆ ಬಿಡುವು ಮಾಡಿಕೊಂಡು ಆಡುತ್ತಿದ್ದರು. ಹೊಲಿಗೆ ಮಿಷನ್ನಿನ ಟರ್ರ್ ಸದ್ದು ನಿಂತಿತೆಂದರೆ ಎಲ್ಲೋ ಒಂದು ಜೋಂಬಿ ಉರುಳಿತೆಂದೇ ಲೆಕ್ಕ.

ಮೊದಲನೇ ದಿನ ನಾನು ಅಪಾರ ಧೈರ್ಯದಿಂದ ಗುಂಡು ಹಾರಿಸಿದೆ. ಮಂಜನಿಗೆ ಬಿತ್ತು! ಇನ್ನೊಂದು ದಿನ ಜೋಂಬಿ ಬರುತ್ತೆ ಅಂತ ಗೇಟು ಹಾಕಿದೆ. ಸುಮಿತ್ರಮ್ಮ ಆಚೆ ಉಳಿದರು! ಮತ್ತೊಂದು ದಿನ ಮಂಜ ಬಿದ್ದಾಗ ನಡುಮನೆಯಲ್ಲಿ ನಿಂತು "ಎದ್ದೇಳ್ಲಾ ಮಂಜ, ಕಣ್ ಬುಡ್ಲಾ!" ಅಂತ ಕಿರುಚಿದೆ. ಪಕ್ಕದ ಮನೆ ನಿಂಗಮ್ಮ ಬಾಯಿಗೆ ಸೆರಗಿಟ್ಟುಕೊಂಡು ಓಡಿ ಬಂದು, "ಯಾವಾಗ್ ಓದ್ನಪ್ಪಾ ನಿನ್ ಗೆಳೆಯ?" ಅಂತ ಗೋಳಾಡಿದಳು. ನಾನು ಸಮಾಧಾನ ಹೇಳಿ ಮುಗಿಸುವ ಮೊದಲೇ ಸುದ್ದಿ ಕಿಕ್ಕೇರಿ ಮುಟ್ಟಿ, ಯಾರೋ ಮಂಜನ ಮನೆಗೆ ಹಾರ ತಂದಿದ್ದರಂತೆ!

"ಸೇವಂತಿಗೆ ಆರ, ಚೆನ್ನಾಗೈತೆ ಕಣ್ಲಾ," ಅಂದ ಮಂಜ. "ದೇವ್ರ ಫೋಟೋಗೆ ಆಕ್ದೆ."

ಅವನು ನಕ್ಕಿದ್ದಕ್ಕೆ ನಾನೂ ನಕ್ಕೆ. ಆಮೇಲೆ ಕೊಟ್ಟಿಗೆಗೆ ಹೋಗಿ, ಆಗಲೇ ಹುಲ್ಲು ಹಾಕಿದ್ದ ಹಸುವಿಗೆ ಮತ್ತೆ ಹುಲ್ಲು ಹಾಕಿದೆ.

ನಿಜವಾದ ಎಡವಟ್ಟು ಆದದ್ದು ಅದಾದ ಮೇಲೆ. ಅವತ್ತು ಎಂದೂ ಇಲ್ಲದ ಹಾಗೆ ಮೂವರೂ ಗೇಟಿನ ಹತ್ತಿರ ಬಂದುಬಿಟ್ಟಿದ್ದೆವು. ಅಷ್ಟರಲ್ಲಿ ಒಂದು ಜೋಂಬಿ ಮಂಜನ ಮೇಲೆ ಬಿತ್ತು. ಮಂಜ ಬಿದ್ದ. ಬಿದ್ದವನ ಬ್ಯಾಗಿನಿಂದ ಔಷಧಿ ತೆಗೆದುಕೊಂಡು ಉಳಿದವರು ಓಡಬೇಕು, ಇದು ಆಟದ ನಿಯಮ.

"ಅಣ್ಣಾ, ಬ್ಯಾಗ್ ಎತ್ಕಂಡು ಓಡಿ!" ಅಂದರು ಸುಮಿತ್ರಮ್ಮ.

ಸತ್ತವನ ಚೀಲಕ್ಕೆ ಕೈ ಹಾಕುವ ವಂಶ ನಮ್ಮದಲ್ಲ. ಮಣ್ಣು ಮಾಡದೆ ಬಿಟ್ಟು ಬರುವ ವಂಶವಂತೂ ಅಲ್ಲವೇ ಅಲ್ಲ! ಆಟದಲ್ಲಿ ನನ್ನ ಹತ್ತಿರ ಒಂದು ಗುದ್ದಲಿ ಇತ್ತು. ಅಗೆಯಲು ಶುರು ಮಾಡಿದೆ.

"ಏನ್ಲಾ ಮಾಡ್ತಿದ್ದೀಯ?" ಅಂದ ಮಂಜ ಆಸ್ಪತ್ರೆಯಿಂದ.

"ಗುಂಡಿ ತೋಡ್ತಾವ್ನಿ."

"ಯಾರ್ಗ್ಲಾ?"

"ನಿಂಗೇ."

"ಅಯ್ಯೋ ನನ್ಮಗ್ನೆ, ಇನ್ನೂ ಬದುಕಿವ್ನಿ ಕಣ್ಲಾ! ಓಡ್ಲಾ!"

ನಾನು ಬಿಡಲಿಲ್ಲ. ಶಾಸ್ತ್ರ ಅಂದಮೇಲೆ ಶಾಸ್ತ್ರ. ತಲೆ ದಕ್ಷಿಣಕ್ಕೆ ಬರಬೇಕಲ್ಲ? ಕೇಳಿಯೇಬಿಟ್ಟೆ. "ಸುಮಿತ್ರಮ್ನೋರೆ, ಈ ಊರಲ್ಲಿ ದಕ್ಷಿಣ ಯಾವ್ ಕಡೆ?"

"ಜೋಂಬಿ ಬರ್ತಾವಲ್ಲ, ಆ ಕಡೆ!"

ಮೂವರೂ ಸತ್ತೆವು. ಮಂಜ ನಕ್ಕ ನೋಡಿ! ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಗುತ್ತಿದ್ದ ಹಾಗೇ ಮಿಷನ್ನು ಕೀ ಕೀ ಅಂತ ಕೂಗಿಕೊಂಡಿತು. "ಕೈ ಅಲ್ಲಾಡಿಸ್ಬೇಡಿ ಅಂತ ಎಷ್ಟ್ ಸಲ ಹೇಳೋದು!" ಅನ್ನುವ ನರ್ಸಮ್ಮನ ದನಿ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಸಂಜೆ ಮಂಜನ ಹೆಂಡತಿ ಶಾರದೆ ಫೋನ್ ಮಾಡಿದಳು. ನಗುವ ರಭಸಕ್ಕೆ ಕೈಯಿಂದ ನಳಿಕೆ ಜಗ್ಗಿ ರಕ್ತ ಹೋಗಿತ್ತು, ಬೀಪಿ ಇಳಿದಿತ್ತು. ಈಗ ಪರವಾಗಿಲ್ಲ. ಆದರೆ ಇನ್ನು ಮೇಲೆ ಡಯಾಲಿಸಿಸ್ ಹೊತ್ತಲ್ಲಿ ಫೋನು ಬಂದ್.

"ಫೋನ್ ಕಿತ್ಕಂಡಾಗ್ಲಿಂದ ಗ್ವಾಡೆ ಕಡೆ ತಿರುಗ್ಕಂಡವ್ರೆ ಅಣ್ಣ. ಯಾರ್ ತಾವೂ ಮಾತಿಲ್ಲ. ಅವ್ರು ಬ್ಯಾಡ ಅಂದ್ರೂ ನೀವೇ ಬಂದು ಜೊತೇಲಿ ಕುಂತ್ಕಳಿ."

ಅವನಿಗಿದ್ದದ್ದು ಅದೊಂದೇ ಖುಷಿ. ಅದನ್ನೂ ನನ್ನ ಗುದ್ದಲಿಯಿಂದ ನಾನೇ ಮಣ್ಣು ಮಾಡಿದ್ದೆ. ಹಾಲಿನ ಕ್ಯಾನುಗಳ ಹಿಂದೆ ಕೂತು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ.

ಮುಂದಿನ ಡಯಾಲಿಸಿಸ್ ದಿನ, ಸಂಜೆಯ ಹಾಲಿನ ಕೆಲಸವನ್ನು ಜಯಳಿಗೆ ಒಪ್ಪಿಸಿ ಮಧ್ಯಾಹ್ನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. 'ನಂಗೆ ಭಯ ಆಯ್ತದೆ ಕಣ್ಲಾ ಮಂಜ. ನೀನಿಲ್ದೆ ನಂಗಾಗಾಕಿಲ್ಲ.' ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೇನೆ ಅಂತ ನನ್ನ ನಂಬಿಕೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು!

ಆಟದಲ್ಲಿ ಮಂಜನಿಗೆ ಅಗಲ ಎದೆಯ ಸಿಪಾಯಿ ರೂಪ ಇತ್ತು. ಇಷ್ಟು ದಿನ ನಾನು ಅದನ್ನೇ ಅವನೆಂದು ನಂಬಿಕೊಂಡಿದ್ದೆ. ಮಂಚದ ಮೇಲಿದ್ದವನು ಅರ್ಧ ಮಂಜ. ಮುಖ ಊದಿತ್ತು, ಕಾಲು ಕಡ್ಡಿಯಾಗಿತ್ತು. ಮಿಷನ್ನು ತಿರುಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಅವನು ಫ್ಯಾನು ನೋಡಿದ. ನಾನೂ ಫ್ಯಾನು ನೋಡಿದೆ.

"ಫೋನಲ್ಲಾದ್ರೆ ಬಾಯೇ ಮುಚ್ತಿರ್ನಿಲ್ಲ," ಅಂದ ಕೊನೆಗೆ. "ಏನಾದ್ರೂ ಮಾತಾಡ್ಲಾ."

ಅವನ ಕಣ್ಣು ನನ್ನ ಮೇಲೇ ಇತ್ತು. ಜೋಡಿಸಿಕೊಂಡಿದ್ದ ಮಾತೆಲ್ಲ ಗಂಟಲವರೆಗೆ ಬಂತು. ಬಾಯಿ ತೆರೆದೆ.

"ತಿಂಡಿ ಆಯ್ತಾ?" ಅಂದೆ.

ಆಗ ಮಧ್ಯಾಹ್ನ ಮೂರು ಗಂಟೆ.