ಓಹಿ ಅಜ್ಜಿಯ ಪತ್ರೊಡೆ

ನನ್ನ ಹೆಂಡತಿ ಧಾರಿಣಿಗೆ ನನ್ನ ಭಾಷಾಜ್ಞಾನದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಇಪ್ಪತ್ತಾರು ವರ್ಷ ಕೇಂದ್ರ ಸರ್ಕಾರದ ಫೈಲುಗಳನ್ನು ಹಿಂದಿಯಲ್ಲೇ ದಬಾಯಿಸಿ ಮುಂದೆ ತಳ್ಳಿದವನು ನಾನು. ದಿಲ್ಲಿಯ ನಮ್ಮ ಪೀತಮ್‌ಪುರದ ತರಕಾರಿ ಭಯ್ಯಾಗಳೇ ನನ್ನ ಹಿಂದಿ ಕೇಳಿ ಬೆರಗಾಗಿ ನಿಲ್ಲುತ್ತಾರೆ. (ಅರ್ಥವಾಗದೆ ನಿಲ್ಲುತ್ತಾರೆ ಎನ್ನುವುದು ಧಾರಿಣಿಯ ಅಭಿಪ್ರಾಯ.)

ಮೊನ್ನೆ ಗ್ರೀಸಿನ ಒಂದು ದ್ವೀಪಕ್ಕೆ ಹೋಗಿಬಂದೆವು. ಅದರ ಹೆಸರು ಹೇಳಲು ಹೋದರೆ ನಾಲಿಗೆ ಉಳುಕುತ್ತದೆ. ಕಡಲಂಚಿನ ಸಣ್ಣ ಹಳ್ಳಿ, ಸುಣ್ಣ ಬಳಿದ ಮನೆಗಳು, ನೀಲಿ ಬಾಗಿಲುಗಳು. ಎಂಟು ದಿನ, ಸಾವಿರದ ಇನ್ನೂರು ಫೋಟೋ. ಅಲ್ಲಿಯೇ ನನಗೆ ಆ ಮಹಾಯೋಜನೆ ಹೊಳೆದದ್ದು: ನಮ್ಮ ಕನ್ನಡ ಸಂಘದ ವತಿಯಿಂದ 'ಶುದ್ಧ ಸಸ್ಯಾಹಾರಿ ಗ್ರೀಸ್ ಯಾತ್ರೆ', ಯಾತ್ರಾನಾಯಕ ಶ್ರೀಮಾನ್ ದಕ್ಷಿಣಾಮೂರ್ತಿ, ಅಂದರೆ ನಾನು! ಒಂಬತ್ತು ಕುಟುಂಬಗಳು ಸಿದ್ಧವಾಗಿದ್ದವು. "ಊಟ ಮಾತ್ರ ಗ್ಯಾರಂಟಿ ಇರ್ಬೇಕು" ಎಂದಿದ್ದರು. ಆ ಗ್ಯಾರಂಟಿ ಕೊಡಲೆಂದೇ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಮನೆಗೆ ಕರೆದು ಟಿವಿಗೆ ಫೋನ್ ಜೋಡಿಸಿದೆ.

"ಆ ಹೋಟೆಲ್‌ದು ಹಾಕ್ಬೇಡಿ. ಆ ಊಟದ ಮೇಲೆ ನಂಗೆ ಈಗ್ಲೂ ಅನುಮಾನ" ಎಂದು ಧಾರಿಣಿ ಪಿಸುಗುಟ್ಟಿದಳು. ಅವಳು ಎಂಟು ದಿನವನ್ನೂ ಮೊಸರು, ಸೌತೆಕಾಯಿ, ಬ್ರೆಡ್ಡಿನಲ್ಲೇ ಕಳೆದಿದ್ದಳು.

"ನಿಂದು ಅನುಮಾನ, ನಂದು ಅನುಭವ" ಎಂದೆ.

ಮೊದಲ ಮುನ್ನೂರು ಫೋಟೋ ಬರೀ ಸಮುದ್ರ. ಮುನ್ನೂರ ಹತ್ತನೆಯದಕ್ಕೆ ಯಾರೋ ಆಕಳಿಸಿದರು. ನಾನು ಕೂಡಲೇ ಊಟದ ಪ್ರಕರಣಕ್ಕೆ ಬಂದೆ.

"ನೋಡಿ, ಗ್ರೀಕಿಗೂ ಹಿಂದಿಗೂ ಹತ್ತಿರದ ನೆಂಟಸ್ತಿಕೆ. 'ನೇ' ಅಂದ್ರೆ ನಹೀಂ, ಅಲ್ಲ. 'ಓಹಿ' ಅಂದ್ರೆ ವೋಹೀ, ಅದೇ, ಹೌದು! ಮೂರು ಹೋಟೆಲಲ್ಲಿ 'ವೆಜಿಟೇರಿಯನ್?' ಅಂತ ಕೇಳ್ದೆ. 'ನೇ, ನೇ' ಅಂದ್ರು. ಚಲೋ ಅಂತ ಎದ್ದು ಬಂದ್ಬಿಟ್ಟೆ. ನಾಲ್ಕನೇದ್ರಲ್ಲಿ ಈ ಅಜ್ಜಿ ಸಿಕ್ಕಿದ್ಲು."

ವಿಡಿಯೋ ಹಾಕಿದೆ. ಎಲೆಯಲ್ಲಿ ಸುತ್ತಿ ಬೇಯಿಸಿದ ಪುಟ್ಟ ಸುರುಳಿಗಳು, ಸಾಕ್ಷಾತ್ ನಮ್ಮ ಪತ್ರೊಡೆ. "ವೆಜಿಟೇರಿಯನ್?" ಎನ್ನುತ್ತಿದೆ ನನ್ನ ಗಂಭೀರ ಧ್ವನಿ. ಅಜ್ಜಿ ಕೈ ಆಡಿಸುತ್ತಾ "ಓಹಿ! ಓಹಿ!" ಎಂದು ಕೂಗಿ ತಟ್ಟೆಯನ್ನು ಹಿಂದಕ್ಕೆಳೆಯುತ್ತಿದ್ದಾಳೆ. ನಾನು ಬಿಡದೆ ನನ್ನ ಕಡೆ ಎಳೆದುಕೊಳ್ಳುತ್ತಿದ್ದೇನೆ.

"ಎಂಥಾ ಉಪಚಾರ ನೋಡಿ! ಒಳಗಡೆ ಸೋಯಾ, ನಮ್ಮ ದಿಲ್ಲಿ ಚಾಪ್ ಥರಾ. ದಿನಾ ಹನ್ನೆರಡು ತಿಂದೆ. ಹೇಳ್ಬಾರ್ದು, ಧಾರಿಣಿ ಪತ್ರೊಡೆ ಇದರ ಕಾಲ ಧೂಳಿಗೂ ಸಮ ಅಲ್ಲ."

ಮೂಲೆಯ ಕುರ್ಚಿಯಿಂದ ನಮ್ಮ ಸಂಘದ ಬೋಪಣ್ಣನವರು ಕೆಮ್ಮಿದರು. ನೌಕಾಪಡೆಯಿಂದ ನಿವೃತ್ತರಾದ ಮೇಲೆ ಆರು ವರ್ಷ ಗ್ರೀಕರ ಹಡಗಿನಲ್ಲಿ ದುಡಿದವರು. (ಇದನ್ನು ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತೇ?) ಕಳೆದ ರಾಮನವಮಿಯಲ್ಲಿ "ನೀವು ನಾನ್‌ವೆಜ್ಜು" ಎಂದು ನಾನೇ ಅವರ ಕೈಯಿಂದ ಕೋಸಂಬರಿಯ ಸೌಟು ಕಿತ್ತುಕೊಂಡಿದ್ದೆ.

"ಮೂರ್ತಿಯವರೇ," ಎಂದರು ಬಹಳ ವಿನಯದಿಂದ, "ಗ್ರೀಕಲ್ಲಿ 'ನೇ' ಅಂದ್ರೆ ಹೌದು. 'ಓಹಿ' ಅಂದ್ರೆ ಅಲ್ಲ."

ಟಿವಿಯಲ್ಲಿ ಅಜ್ಜಿ ಮತ್ತೊಮ್ಮೆ "ಓಹಿ!" ಎಂದು ಕಿರುಚಿದಳು.

"ಹಾಗಾದ್ರೆ... ಒಳಗಿದ್ದದ್ದು?"

"ಖೀಮಾ. ಕುರೀದು ಇರ್ಬೇಕು."

ಮಗಳು ಧನ್ಯಾ ಬೆರಳು ಮಡಚಿ ಗುಣಿಸಿದಳು. "ಪಪ್ಪಾ, ನೈಂಟಿ ಸಿಕ್ಸ್! ಪೂರೀ ಭೇಡ್ ಖಾ ಗಯೇ ಆಪ್! ಇಡೀ ಕುರಿ!"

ನಾಚಿಕೆಯಿಂದ ನಾನು ಫೋನಿನ ಹಿಂದೆ ಮುಖ ಮರೆಸಿಕೊಂಡೆ. ಯಾತ್ರೆಯೇನೂ ನಿಲ್ಲಲಿಲ್ಲ. ಮೊಸರು ತಿಂದು ವ್ರತ ಉಳಿಸಿಕೊಂಡ ಧಾರಿಣಿಯನ್ನು ಸರ್ವಾನುಮತದಿಂದ ಯಾತ್ರಾನಾಯಕಿ ಮಾಡಿದರು. ದುಭಾಷಿ ಬೋಪಣ್ಣ. ಫೋಟೋ ತೆಗೆಯುವ ಕೆಲಸ ಮಾತ್ರ ನನಗೆ ಉಳಿಯಿತು, ಅದೂ ಸಮುದ್ರದ್ದು.

ಮುಂದಿನ ಭಾನುವಾರ ಧಾರಿಣಿ ತರಕಾರಿ ಭಯ್ಯಾನಿಂದ ಕೆಸುವಿನೆಲೆ ತರಿಸಿ ಪತ್ರೊಡೆ ಮಾಡಿದಳು. ಬೋಪಣ್ಣನವರಿಗೆ ಡಬ್ಬಿ ತುಂಬ ಹೋಯಿತು. ನನ್ನ ತಟ್ಟೆಗೆ ಎರಡೇ ಎರಡು ಬಿದ್ದವು. ಸತ್ಯ ಹೇಳುತ್ತೇನೆ, ಅಷ್ಟು ರುಚಿಯಾದದ್ದನ್ನು ನಾನು ಯಾವ ದ್ವೀಪದಲ್ಲೂ ತಿಂದಿರಲಿಲ್ಲ.

"ಇನ್ನೆರಡು ಹಾಕ್ತೀಯಾ?" ಎಂದೆ, ಆದಷ್ಟು ಮೆತ್ತಗೆ.

"ಓಹಿ" ಎಂದಳು ಧಾರಿಣಿ.

ಹಳೇ ಅಭ್ಯಾಸ ನೋಡಿ, ನಾನು ತಟ್ಟೆ ಚಾಚಿಯೇಬಿಟ್ಟೆ.